ಪೈಪಿನಲ್ಲಿ ಹರಿಯುತ್ತಿರುವಾಗಲೇ ದ್ರವ ಎಷ್ಟು ಗಟ್ಟಿ ಎಂದು ಅಲ್ಟ್ರಾಸೌಂಡ್ ಹೇಳಬಲ್ಲದೇ?

ಓದುಗರ ಪ್ರಶ್ನೆ: ನಮ್ಮ ಪೇಂಟ್ ಘಟಕದಲ್ಲಿ ಸ್ಯಾಂಪಲ್ ತೆಗೆದು ಲ್ಯಾಬ್‌ನಲ್ಲಿ ಸ್ನಿಗ್ಧತೆ (ಹರಿಯಲು ದ್ರವ ಒಡ್ಡುವ ತಡೆ, ಅಂದರೆ ಅದರ ಗಟ್ಟಿತನ) ನೋಡುತ್ತೇವೆ. ಪೈಪಿಗೇ ಅಲ್ಟ್ರಾಸೌಂಡ್ ಸೆನ್ಸರ್ ಹಾಕಿದರೆ ಅದೇ ಅಂಕಿ ಸಿಗುತ್ತದೆಯೇ?

ಅಳೆಯಲು ಖಂಡಿತ ಆಗುತ್ತದೆ. ಆದರೆ ಪೇಂಟ್‌ನಂಥ ದ್ರವದಲ್ಲಿ ಲ್ಯಾಬ್‌ನ ಅಂಕಿಯೇ ಸಿಗಲಿ ಎಂದು ಕಾಯಬೇಡಿ.

ನೀರು, ತೆಳು ಎಣ್ಣೆಯಂಥವಕ್ಕೆ ಒಂದು ತಾಪಮಾನದಲ್ಲಿ ಒಂದೇ ಸ್ನಿಗ್ಧತೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ನೀರಿನದು ಸುಮಾರು 1 ಮಿಲಿಪಾಸ್ಕಲ್-ಸೆಕೆಂಡ್. ಪೇಂಟ್ ಹಾಗಲ್ಲ. ಕಲಕಿದಷ್ಟೂ ತೆಳುವಾಗುತ್ತದೆ, ಸುಮ್ನೆ ಬಿಟ್ಟರೆ ಮತ್ತೆ ಗಟ್ಟಿಯಾಗುತ್ತದೆ. ಲ್ಯಾಬ್ ತಲುಪುವಷ್ಟರಲ್ಲಿ ನಿಮ್ಮ ಸ್ಯಾಂಪಲ್ ತಣ್ಣಗಾಗಿರುತ್ತದೆ, ನಿಂತು ಬಿಗಿದಿರುತ್ತದೆ. ಪೈಪಿನಲ್ಲಿದ್ದ ಸ್ಥಿತಿ ಆಗಲೇ ಹೋಗಿಬಿಟ್ಟಿರುತ್ತದೆ.

ನನಗೆ ತುಂಬಾ ಮೆಚ್ಚುಗೆಯಾದ ವಿಧಾನ ಡಾಪ್ಲರ್‌ನದು. ಪೈಪಿಗೆ ಓರೆಯಾಗಿ ಅಲ್ಟ್ರಾಸೌಂಡ್ ಬಿಡುತ್ತಾರೆ. ದ್ರವದಲ್ಲಿರುವ ಕಣಗಳಿಗೆ ತಾಗಿ ಪ್ರತಿಧ್ವನಿ ಮರಳುತ್ತದೆ. ಅದು ಬರಲು ಹಿಡಿದ ಸಮಯ ಕಣ ಎಲ್ಲಿದೆ ಎಂದು ಹೇಳುತ್ತದೆ. ಆವರ್ತನದಲ್ಲಾದ ಬದಲಾವಣೆ ಎಷ್ಟು ವೇಗವಾಗಿ ಹೋಗುತ್ತಿದೆ ಎಂದು ಹೇಳುತ್ತದೆ. ಹೀಗೆ ಪೈಪಿನ ಗೋಡೆಯಿಂದ ನಡುವಿನವರೆಗೆ ವೇಗದ ಪೂರ್ತಿ ಚಿತ್ರ ಸಿಗುತ್ತದೆ. ಜೊತೆಗೆ ಪೈಪಿನ ಎರಡು ಕಡೆ ಒತ್ತಡ ಅಳೆದರೆ ಸ್ನಿಗ್ಧತೆ ಲೆಕ್ಕ ಹಾಕಲು ಸಾಕು.

ಒಂದು ಲೆಕ್ಕ ಮಾಡಿ ನೋಡೋಣ. ಪೈಪಿನ ತ್ರಿಜ್ಯ 25 ಮಿಲಿಮೀಟರ್, 2 ಮೀಟರ್ ಉದ್ದದಲ್ಲಿ ಒತ್ತಡ 4000 ಪಾಸ್ಕಲ್ ಇಳಿಯುತ್ತದೆ ಎಂದುಕೊಳ್ಳಿ. ಗೋಡೆಯ ಬಳಿ ದ್ರವದ ಪದರಗಳನ್ನು ಒಂದರ ಮೇಲೊಂದು ಜಾರಿಸುವ ಒತ್ತಡ, ಇಳಿದ ಒತ್ತಡವನ್ನು ತ್ರಿಜ್ಯದಿಂದ ಗುಣಿಸಿ ಉದ್ದದ ಎರಡರಷ್ಟರಿಂದ ಭಾಗಿಸಿದರೆ, 25 ಪಾಸ್ಕಲ್. ನಡುವಿಗೆ ಅರ್ಧ ದಾರಿಯಲ್ಲಿ 12.5. ವೇಗದ ಚಿತ್ರದಿಂದ ಪದರಗಳು ಜಾರುವ ದರ ಗೋಡೆಯ ಬಳಿ ಸೆಕೆಂಡಿಗೆ 50, ಅರ್ಧ ದಾರಿಯಲ್ಲಿ 10 ಬಂತು ಅನ್ನಿ. ಆ ಒತ್ತಡವನ್ನು ಈ ದರದಿಂದ ಭಾಗಿಸಿದರೆ ಸ್ನಿಗ್ಧತೆ ಗೋಡೆಯ ಬಳಿ 0.5 ಪಾಸ್ಕಲ್-ಸೆಕೆಂಡ್, ಅರ್ಧ ದಾರಿಯಲ್ಲಿ 1.25. ಒಂದೇ ಪೈಪ್, ಒಂದೇ ಕ್ಷಣ, ಎರಡೂವರೆ ಪಟ್ಟು ವ್ಯತ್ಯಾಸ! ಹಾಗಿದ್ದಾಗ ಲ್ಯಾಬ್‌ನ ಒಂದು ಅಂಕಿಯನ್ನು ಯಾವುದಕ್ಕೆ ಹೋಲಿಸುತ್ತೀರಿ? ಲ್ಯಾಬ್‌ನ ಯಂತ್ರ ಯಾವ ದರದಲ್ಲಿ ತಿರುಗಿತ್ತು ಎಂದು ಗೊತ್ತಿದ್ದರೆ ಮಾತ್ರ ಹೋಲಿಕೆಗೆ ಅರ್ಥ, ಅಲ್ವಾ?

ಇನ್ನೊಂದು ವಿಧಾನದಲ್ಲಿ ಸೆನ್ಸರ್‌ನ ಮೇಲ್ಮೈ ಪಕ್ಕಕ್ಕೆ ಕಂಪಿಸಿ ದ್ರವವನ್ನು ಉಜ್ಜುತ್ತದೆ. ದ್ರವ ಗಟ್ಟಿಯಿದ್ದಷ್ಟೂ ಹೆಚ್ಚು ಶಕ್ತಿ ಹೀರಿಕೊಳ್ಳುತ್ತದೆ, ಸೆನ್ಸರ್‌ಗೆ ಮರಳುವ ಅಲೆ ಅಷ್ಟು ಕುಗ್ಗುತ್ತದೆ. ಕಣಗಳು ಬೇಕಿಲ್ಲ, ಕಪ್ಪು ಎಣ್ಣೆಯಾದರೂ ಸರಿ. ಆದರೆ ಈ ಕಂಪನ ಒಳಗೆ ಇಳಿಯುವುದೇ ಇಲ್ಲ ಎನ್ನಬಹುದು. 5 ಮೆಗಾಹರ್ಟ್ಸ್‌ನಲ್ಲಿ ನೀರಿನೊಳಗೆ ಸುಮಾರು 0.25 ಮೈಕ್ರೋಮೀಟರ್ ಅಷ್ಟೇ. ಸೆನ್ಸರ್ ಮೇಲೆ ತೆಳ್ಳನೆ ಪದರ ಕಟ್ಟಿದರೆ ಅದು ಆ ಪದರವನ್ನೇ ಅಳೆಯುತ್ತಿರುತ್ತದೆ. ಅಷ್ಟು ವೇಗದ ಕಂಪನಕ್ಕೆ ಪಾಲಿಮರ್ ಬೆರೆತ ದ್ರವ ಬೇರೆ ರೀತಿಯೇ ವರ್ತಿಸುತ್ತದೆ ಕೂಡ.

ನಿಮ್ಮ ಪೇಂಟ್‌ನಲ್ಲಿ ಬಣ್ಣದ ಕಣಗಳು ಇದ್ದೇ ಇರುತ್ತವೆ, ಹಾಗಾಗಿ ಡಾಪ್ಲರ್ ಕಡೆ ನೋಡಿ. ಗಾಳಿಗುಳ್ಳೆ ಜಾಸ್ತಿ ಇರುವ ಜಾಗದಲ್ಲಿ ಹಾಕಬೇಡಿ, ಗುಳ್ಳೆಗಳು ಅಲೆಯನ್ನು ಚದುರಿಸಿಬಿಡುತ್ತವೆ. ಪಕ್ಕದಲ್ಲೇ ತಾಪಮಾನದ ಸೆನ್ಸರ್ ಇರಲಿ. ಲ್ಯಾಬ್ ಪರೀಕ್ಷೆಯನ್ನು ತಕ್ಷಣ ನಿಲ್ಲಿಸದೆ, ಸ್ವಲ್ಪ ಕಾಲ ಎರಡನ್ನೂ ಒಂದೇ ತಾಪಮಾನ, ಒಂದೇ ಜಾರುವ ದರಕ್ಕೆ ತಂದು ಹೋಲಿಸಿ.