ಅಣ್ಣನಿಗೆ ಕಿಡ್ನಿ ಕೊಡಲು ಮನಸ್ಸು ಒಪ್ಪದಿದ್ದರೆ?

ಪ್ರಶ್ನೆ: ಅಣ್ಣನಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್ ನಡೆಯುತ್ತಿದೆ. ಮನೆಯಲ್ಲಿ ಅವನ ರಕ್ತದ ಗುಂಪಿಗೆ ಹೊಂದುವವಳು ನಾನೊಬ್ಬಳೇ. ಯಾರೂ ಬಾಯಿಬಿಟ್ಟು ಕೇಳಿಲ್ಲ. ಎಲ್ಲರೂ ನನ್ನ ಮುಖ ನೋಡುತ್ತಾರೆ. ನನಗೆ ಭಯವಾಗುತ್ತಿದೆ. ಆಗದೆಂದರೆ ತಪ್ಪೇ?

ಉತ್ತರ: ಖಂಡಿತ ತಪ್ಪಲ್ಲ. 1994ರ ಮಾನವ ಅಂಗಾಂಗ ಕಸಿ ಕಾಯ್ದೆಯ ಪ್ರಕಾರ ಒಡಹುಟ್ಟಿದವರು ಹತ್ತಿರದ ಸಂಬಂಧಿಗಳೆಂದು ಕಿಡ್ನಿ ಕೊಡಬಹುದೇ ಹೊರತು, ಕೊಡಲೇಬೇಕೆಂಬ ಕಟ್ಟುಪಾಡು ಯಾರಿಗೂ ಇಲ್ಲ. ದಾನಿ ಹೆಣ್ಣಾಗಿದ್ದರೆ, ಆಕೆ ಸ್ವಂತ ಇಚ್ಛೆಯಿಂದಲೇ ಒಪ್ಪಿದ್ದಾಳೆಂಬುದನ್ನು ರೋಗಿಯಲ್ಲದ ಬೇರೊಬ್ಬರು ದೃಢಪಡಿಸಬೇಕೆಂದು 2014ರ ನಿಯಮಗಳು ಹೇಳುತ್ತವೆ. ಈ ಎಚ್ಚರಿಕೆ ಅನಗತ್ಯವಲ್ಲ. ನಮ್ಮ ದೇಶದಲ್ಲಿ ಬದುಕಿರುವಾಗಲೇ ಕಿಡ್ನಿ ಕೊಡುವವರಲ್ಲಿ ಹೆಚ್ಚಿನವರು ತಾಯಂದಿರು, ಹೆಂಡತಿಯರು, ಅಕ್ಕತಂಗಿಯರು.

ಕೇಳದೆ ಮುಖ ನೋಡುವುದೇ ನಿಮ್ಮನ್ನು ಹೆಚ್ಚು ಹಿಂಡುತ್ತಿರುವಂತಿದೆ. ಕೇಳಿದ್ದರೆ ಉತ್ತರ ಕೊಡಬಹುದಿತ್ತು. ತವರಿನ ಋಣ ಒಂದು ಕಡೆ, ಅತ್ತೆಮನೆಯವರ ಆತಂಕ ಇನ್ನೊಂದು ಕಡೆ ಎಳೆಯುವಾಗ ನಿಮ್ಮ ಮನಸ್ಸಿನಲ್ಲಿ ಏನಿದೆಯೆಂದು ವಿಚಾರಿಸುವವರೇ ಇರುವುದಿಲ್ಲ. ಆದ್ದರಿಂದ ಮೊದಲು ಅಣ್ಣನೊಬ್ಬನೊಂದಿಗೆ ಮಾತನಾಡಿ. "ನನ್ನಿಂದ ನಿನಗೆ ತೊಂದರೆಯಾಗುವುದು ಬೇಡಮ್ಮ" ಎಂಬ ಮಾತನ್ನು ಅವನು ಎಷ್ಟೋ ದಿನಗಳಿಂದ ನುಂಗಿಕೊಂಡಿರಬಹುದು. ತನ್ನವರ ಕಿಡ್ನಿ ಪಡೆಯಲು ಹಿಂಜರಿಯುವ ರೋಗಿಗಳು ಕಡಿಮೆಯೇನಿಲ್ಲ.

ಭಯದ ವಿಷಯ. ಆರೋಗ್ಯವಂತರು ಒಂದೇ ಕಿಡ್ನಿಯಿಂದ ಬಾಳಬಲ್ಲರು, ಉಳಿದ ಕಿಡ್ನಿಯೇ ಹೆಚ್ಚು ಕೆಲಸ ವಹಿಸಿಕೊಳ್ಳುತ್ತದೆ, ಕೆಲವು ವಾರಗಳಲ್ಲಿ ದಿನನಿತ್ಯದ ಕೆಲಸಕ್ಕೆ ಮರಳುವವರೇ ಹೆಚ್ಚು. ಹಾಗೆಂದು ಅಪಾಯವೇ ಇಲ್ಲವೆನ್ನುವುದು ಸುಳ್ಳು: ಶಸ್ತ್ರಚಿಕಿತ್ಸೆಯಲ್ಲಿ ಅಲ್ಪ ಪ್ರಮಾಣದ ಜೀವಾಪಾಯವಿದೆ, ಮುಂದೆ ಬಸಿರಾದರೆ ರಕ್ತದೊತ್ತಡದ ತೊಂದರೆ ಕಾಣಿಸಿಕೊಳ್ಳುವ ಸಂಭವ ಸ್ವಲ್ಪ ಹೆಚ್ಚು. ಮಕ್ಕಳ ಯೋಚನೆಯಿದ್ದರೆ ಇದನ್ನು ವೈದ್ಯರಲ್ಲಿ ಬಿಡಿಸಿ ಕೇಳಲೇಬೇಕು.

ನೀವು ಕೊಡದಿದ್ದರೆ ಅಣ್ಣನ ದಾರಿ ಮುಚ್ಚಿಹೋಗುವುದಿಲ್ಲ. ತಮ್ಮ ರೋಗಿಗೆ ತಮ್ಮ ದಾನಿಯ ರಕ್ತದ ಗುಂಪು ಹೊಂದದ ಎರಡು ಕುಟುಂಬಗಳು ದಾನಿಗಳನ್ನು ಅದಲುಬದಲು ಮಾಡಿಕೊಳ್ಳಲು ಅದೇ ಕಾಯ್ದೆಯ 2011ರ ತಿದ್ದುಪಡಿ ಅವಕಾಶ ಕೊಟ್ಟಿದೆ. ಅತ್ತಿಗೆಯೋ ಅಮ್ಮನೋ ಮುಂದೆ ಬಂದರೆ ಅದನ್ನು ವಿಚಾರಿಸಬಹುದು. ಕರ್ನಾಟಕದಲ್ಲಿ, ಮೃತ ದಾನಿಯ ಕಿಡ್ನಿಗಾಗಿ ಆಸ್ಪತ್ರೆಯ ಮೂಲಕ, ಅಂಗಾಂಗ ದಾನವನ್ನು ನೋಡಿಕೊಳ್ಳುವ ರಾಜ್ಯ ಸಂಸ್ಥೆ 'ಜೀವಸಾರ್ಥಕತೆ'ಯಲ್ಲಿ ಹೆಸರು ನೋಂದಾಯಿಸಬಹುದು. ಕಾಯುವಿಕೆ ದೀರ್ಘವಾದೀತು, ಹಾಗಾಗಿ ಇಂದೇ ನೋಂದಾಯಿಸುವುದು ಒಳ್ಳೆಯದು.

ಆಸ್ಪತ್ರೆಯ ಆಪ್ತಸಮಾಲೋಚನೆಗೆ ಹೋಗುವಾಗ ಮನೆಯವರನ್ನು ಹೊರಗೆ ಕೂರಿಸಿ, ಒಬ್ಬರೇ ಒಳಗೆ ಹೋಗಿ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ ಮೇಲೂ, ಶಸ್ತ್ರಚಿಕಿತ್ಸೆಗೆ ಮುನ್ನ ಯಾವ ಕ್ಷಣದಲ್ಲಾದರೂ ನೀವು ಹಿಂದೆ ಸರಿಯಬಹುದು.