ಲಾರಿಯ ಹಿಂದೆ ಜೋಡಿ ಟೈರೋ, ಅಗಲದ ಒಂಟಿ ಟೈರೋ?

ಲಾರಿಗಳನ್ನು ನಾವು ಚಕ್ರ ಎಣಿಸಿಯೇ ಕರೆಯುತ್ತೇವೆ. ಸಿಕ್ಸ್ ವೀಲರ್, ಟೆನ್ ವೀಲರ್, ಟ್ವೆಲ್ವ್ ವೀಲರ್. ಮಂಡ್ಯದಲ್ಲಿ ಕಬ್ಬು ಅರೆಯುವ ಕಾಲ ಬಂತೆಂದರೆ ಕಾರ್ಖಾನೆ ಮುಂದಿನ ಸಾಲಿನಲ್ಲಿ ಎಲ್ಲವೂ ಕಾಣುತ್ತವೆ. ಸಿಕ್ಸ್ ವೀಲರ್‌ಗೆ ಮುಂದೆ ಎರಡು ಟೈರು, ಹಿಂದೆ ನಾಲ್ಕು. ಹಿಂದಿನ ಒಂದೊಂದು ಬದಿಗೂ ಒಳಗೊಂದು, ಹೊರಗೊಂದು. ಈ ಜೋಡಿಯ ಜಾಗದಲ್ಲಿ ಅಗಲವಾದ ಒಂದೇ ಟೈರು ಹಾಕಿದರೆ ಆಗಲ್ವಾ? ಆಗುತ್ತದೆ. ಅಮೆರಿಕದಲ್ಲಿ 2000ದ ಈಚೆಗೆ 445 ಮಿ.ಮೀ. ಅಗಲದ ಟೈರುಗಳು ಹೆದ್ದಾರಿ ಲಾರಿಗಳಲ್ಲಿ ಓಡುತ್ತಿವೆ. ನಮ್ಮ ಕಬ್ಬಿನ ಲಾರಿಗೆ ಅದು ಒಗ್ಗುತ್ತದಾ ಅನ್ನುವುದೇ ನನ್ನ ಪ್ರಶ್ನೆ.

ಲಾರಿಯ ಭಾರದಲ್ಲಿ ಬಹುಪಾಲನ್ನು ಹೊರುವುದು ಟೈರಿನೊಳಗಿನ ಗಾಳಿ. ರಬ್ಬರು ಆ ಗಾಳಿಯನ್ನು ಹಿಡಿದಿಡುವ ಗಟ್ಟಿ ಚೀಲ. ನಾಲ್ಕು ಟೈರಿರುವ ಒಂದು ಆಕ್ಸಲ್ (ಎರಡೂ ಬದಿಯ ಚಕ್ರ ಕೂರುವ ಅಚ್ಚು) ಮೇಲೆ ನಮ್ಮಲ್ಲಿ 10.2 ಟನ್ ಹಾಕಬಹುದಿತ್ತು. 2018ರಲ್ಲಿ ಅದು 11.5 ಟನ್ ಆಯಿತು. ಅಂದರೆ ಒಂದು ಟೈರಿಗೆ 2,875 ಕೆ.ಜಿ. ಗಾಳಿಯ ಒತ್ತಡ 120 ಪಿಎಸ್‌ಐ (ಒಂದು ಚದರ ಇಂಚಿಗೆ ಇಷ್ಟು ಪೌಂಡ್ ಅನ್ನುವ ಅಳತೆ) ಇದೆ ಅಂದುಕೊಳ್ಳಿ. ಅದು ಒಂದು ಚದರ ಸೆಂ.ಮೀ.ಗೆ ಸುಮಾರು 8.4 ಕೆ.ಜಿ. ಭಾಗಿಸಿ ನೋಡಿದರೆ ಟೈರು ನೆಲ ಮುಟ್ಟುವ ಜಾಗ ಸುಮಾರು 340 ಚದರ ಸೆಂ.ಮೀ. ಎ4 ಹಾಳೆಯನ್ನು ಅರ್ಧಕ್ಕೆ ಮಡಿಚಿದರೆ ಆಗುವುದಕ್ಕಿಂತ ಸ್ವಲ್ಪ ದೊಡ್ಡದು, ಅಷ್ಟೇ. ಹತ್ತಿರ ಹತ್ತಿರ ಮೂರು ಟನ್ ಅಷ್ಟು ಜಾಗದ ಮೇಲೆ ನಿಂತಿದೆ!

ಗಾಳಿಯ ಒತ್ತಡ ಒಂದೇ ಇದ್ದರೆ, ನಾಲ್ಕು ಟೈರಿರಲಿ ಎರಡು ಅಗಲದ ಟೈರಿರಲಿ, ನೆಲ ಮುಟ್ಟುವ ಒಟ್ಟು ಜಾಗ ಹೆಚ್ಚುಕಡಿಮೆ ಅಷ್ಟೇ. ಬದಲಾಗುವುದು ಆ ಜಾಗದ ಆಕಾರ. ಜೋಡಿ ಟೈರು ನಡುವೆ ಸಂದು ಬಿಟ್ಟು ಭಾರವನ್ನು ರಸ್ತೆಯ ಅಗಲಕ್ಕೆ ಹಂಚುತ್ತದೆ. ಒಂಟಿ ಟೈರು ಒಂದೇ ಕಡೆ ಊರುತ್ತದೆ. ಎತ್ತಿನ ಗಾಡಿ ಓಡಾಡಿದ ಊರಿನವರಿಗೆ ಇದು ಹೊಸದಲ್ಲ. ಕಬ್ಬಿಣದ ಪಟ್ಟಿ ಹಾಕಿದ ಮರದ ಚಕ್ರ ಮಣ್ಣುದಾರಿಯನ್ನು ಸೀಳಿ ಜಾಡು ಮಾಡುತ್ತಿತ್ತು. ಅದೇ ಕಬ್ಬು ಹೊತ್ತ ಟೈರ್ ಗಾಡಿ ಅಷ್ಟು ಹೂತುಕೊಳ್ಳುತ್ತಿರಲಿಲ್ಲ.

ಒಂಟಿ ಟೈರಿನ ದೊಡ್ಡ ಲಾಭ ಇರುವುದು ಡೀಸೆಲ್‌ನಲ್ಲಿ. ಟೈರು ಉರುಳುವಾಗ ನೆಲಕ್ಕೆ ಬಂದ ಭಾಗದ ಪಕ್ಕದ ಗೋಡೆ ಉಬ್ಬುತ್ತದೆ, ಮೇಲೆ ಹೋದಾಗ ನೆಟ್ಟಗಾಗುತ್ತದೆ. ಬಗ್ಗಿಸಲು ಹಾಕಿದ ಶಕ್ತಿಯನ್ನು ರಬ್ಬರು ಪೂರ್ತಿ ವಾಪಸ್ ಕೊಡುವುದಿಲ್ಲ. ಒಂದು ಪಾಲು ಬಿಸಿಯಾಗಿ ಹೋಗುತ್ತದೆ. ದೂರದಿಂದ ಬಂದ ಲಾರಿಯ ಟೈರು ಮುಟ್ಟಿದರೆ ಕೈಗೆ ಸಿಗುವ ಆ ಬಿಸಿ ಸುಟ್ಟುಹೋದ ಡೀಸೆಲ್ಲೇ. ಜೋಡಿ ಟೈರಿನಲ್ಲಿ ಒಂದು ಬದಿಗೆ ನಾಲ್ಕು ಗೋಡೆ ಬಗ್ಗುತ್ತವೆ, ಒಂಟಿಯಲ್ಲಿ ಎರಡೇ. ಟೈರು ಕೂರಿಸುವ ಲೋಹದ ಚಕ್ರ, ಅಂದರೆ ಡಿಸ್ಕ್, ಹಗುರವಾದ ಅಲಾಯ್‌ನದಾದರೆ ಒಂದು ಆಕ್ಸಲ್‌ಗೆ ಸುಮಾರು 80 ಕೆ.ಜಿ. ತೂಕವೂ ಇಳಿಯುತ್ತದೆ.

ಜೋಡಿಗೆ ಇನ್ನೊಂದು ಕಾಯಿಲೆ ಇದೆ. ಎರಡೂ ಒಂದೇ ಹಬ್‌ಗೆ ಕಟ್ಟಿರುವುದರಿಂದ ಸಮಸಮ ಸುತ್ತಲೇಬೇಕು. ಒಂದು ಹೊಸದು, ಒಂದು ಸವೆದದ್ದು, ಅಡ್ಡಳತೆಯಲ್ಲಿ ಬರೀ 6 ಮಿ.ಮೀ. ವ್ಯತ್ಯಾಸ ಅಂದುಕೊಳ್ಳಿ. ಒಂದು ಸುತ್ತಿಗೆ ಸುಮಾರು 19 ಮಿ.ಮೀ. ದೂರದ ಅಂತರ ಬರುತ್ತದೆ. ಕಿಲೋಮೀಟರಿಗೆ ಸುಮಾರು 300 ಸುತ್ತು. ಮಂಡ್ಯದಿಂದ ಮೈಸೂರಿಗೆ 45 ಕಿ.ಮೀ. ಹೋಗುವಷ್ಟರಲ್ಲಿ ಅಂತರ 250 ಮೀಟರ್ ದಾಟುತ್ತದೆ! ದೊಡ್ಡ ಟೈರು ಜಾಸ್ತಿ ಭಾರ ಹೊತ್ತು ಚಪ್ಪಟೆಯಾಗುವುದರಿಂದ ನಿಜದಲ್ಲಿ ಇಷ್ಟು ಆಗದು. ಆದರೂ ಉಳಿದದ್ದನ್ನು ಟೈರುಗಳು ಟಾರಿಗೆ ಉಜ್ಜಿಕೊಂಡೇ ತೀರಿಸಬೇಕು. ಒಳಟೈರಿನ ಗಾಳಿ ಇಳಿದರೂ ಇದೇ ಕಥೆ. ಸಂದಿಯಲ್ಲಿ ಕಲ್ಲು ಸಿಕ್ಕಿಕೊಂಡರೆ ಎರಡರ ಗೋಡೆಯೂ ಹಾಳು.

ಇಷ್ಟೆಲ್ಲ ಇದ್ದರೂ ಕಬ್ಬಿನ ಲಾರಿಗೆ ಜೋಡಿಯೇ ಸರಿ ಅನ್ನುತ್ತೇನೆ. ರಾತ್ರಿ ಹೊತ್ತು ನಾಲೆ ಏರಿಯ ಮೇಲೆ ಒಂದು ಟೈರು ಪಂಕ್ಚರ್ ಆಯಿತು ಅನ್ನಿ. ಜೋಡಿಯಲ್ಲಿ ಇನ್ನೊಂದು ಟೈರು ಲಾರಿಯನ್ನು ಎತ್ತಿ ಹಿಡಿದಿರುತ್ತದೆ. ಲೋಡ್ ಇಳಿಸಿ, ಮೆಲ್ಲಗೆ ಹತ್ತಿರದ ಅಂಗಡಿ ತನಕ ತೆವಳಿಸಬಹುದು. ತುಂಬಿದ ಲೋಡಿನಲ್ಲಿ ಹಾಗೆ ಓಡಿಸಿದರೆ ಉಳಿದ ಟೈರೂ ಸಿಡಿಯುತ್ತದೆ, ಅದು ನೆನಪಿರಲಿ. ಒಂಟಿ ಟೈರಾದರೆ ಲಾರಿ ಡಿಸ್ಕ್ ಮೇಲೆ ಕೂತುಬಿಡುತ್ತದೆ. ಸ್ಟೆಪ್ನಿಯ ಮಾತೂ ಹಾಗೇ. ಜೋಡಿ ಇರುವ ಲಾರಿಯಲ್ಲಿ ಒಂದೇ ಸ್ಟೆಪ್ನಿ ಮುಂದಕ್ಕೂ ಆಗುತ್ತದೆ, ಹಿಂದಕ್ಕೂ ಆಗುತ್ತದೆ. ಲಾರಿ ಟೈರು ತಯಾರಾಗುವ ಮೈಸೂರು ಪಕ್ಕದಲ್ಲೇ ಇದ್ದರೂ, 445ರ ಟೈರು ಪಾಂಡವಪುರದ ಪಂಕ್ಚರ್ ಅಂಗಡಿಯಲ್ಲಿ ಕೇಳಿದ ಕೂಡಲೇ ಸಿಗುವ ಮಾಲಲ್ಲ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಥರದ ರಸ್ತೆಯಲ್ಲೇ ದಿನವೂ ತೂಕ ಮೀರದೆ ಓಡುವ ಟ್ರೇಲರ್‌ಗಾದರೆ ನಾನು ಒಂಟಿ ಟೈರಿನ ಕಡೆಗೇ ವಾಲುತ್ತೇನೆ.

ಜೋಡಿ ಇಟ್ಟುಕೊಂಡ ಮೇಲೆ ಒಳಟೈರನ್ನು ಮರೆಯಬಾರದು. ರಾಡಿನಲ್ಲಿ ಬಡಿದು ಸದ್ದು ಕೇಳುವುದು ನಮ್ಮ ಡ್ರೈವರ್‌ಗಳ ಹಳೇ ಅಭ್ಯಾಸ. ಪೂರ್ತಿ ಕೂತ ಟೈರು ಆ ಸದ್ದಿನಲ್ಲಿ ಗೊತ್ತಾಗುತ್ತದೆ. 20 ಪಿಎಸ್‌ಐ ಕಡಿಮೆ ಇರುವುದು ಗೊತ್ತಾಗುವುದು ಕಷ್ಟ. ಅದಕ್ಕೆ ಗೇಜೇ ಬೇಕು, ಅದೂ ಟೈರು ತಣ್ಣಗಿರುವಾಗ. ಕಾರ್ಖಾನೆ ಮುಂದೆ ತೂಕಕ್ಕೆ ಕಾಯುತ್ತಾ ಗಂಟೆಗಟ್ಟಲೆ ನಿಂತ ಲಾರಿಯ ಟೈರು ಹೇಗೂ ತಣ್ಣಗಾಗಿರುತ್ತದೆ.