ಸೀಟ್‌ಗೆ ಈ, ಸ್ಟೇಕ್‌ಗೆ ಏ, ಬ್ರೆಡ್‌ಗೆ ಎ

1747ರಲ್ಲಿ ಸ್ಯಾಮುಯೆಲ್ ಜಾನ್ಸನ್ ತನ್ನ ಇಂಗ್ಲಿಷ್ ನಿಘಂಟಿನ ಯೋಜನೆಯನ್ನು ಅಚ್ಚು ಹಾಕಿಸಿದ. ಅದನ್ನು ನೋಡಿದ ಲಾರ್ಡ್ ಚೆಸ್ಟರ್‌ಫೀಲ್ಡ್ 'ಗ್ರೇಟ್' ಪದ 'ಸ್ಟೇಟ್'ಗೆ ಪ್ರಾಸವಾಗಬೇಕು ಎಂದ. ಸರ್ ವಿಲಿಯಂ ಯಂಗ್ ಒಪ್ಪಲಿಲ್ಲ. ಅದು 'ಸೀಟ್'ಗೆ ಪ್ರಾಸ, ಅಂದರೆ 'ಗ್ರೀಟ್', ಗ್ರೇಟ್ ಅನ್ನುವವರು ಐರಿಷರು ಮಾತ್ರ ಎಂದು ಹೇಳಿ ಕಳಿಸಿದ. ಒಬ್ಬ ಮೇಲ್ಮನೆಯ ದೊಡ್ಡ ಮಾತುಗಾರ, ಇನ್ನೊಬ್ಬ ಕೆಳಮನೆಯ ದೊಡ್ಡ ಮಾತುಗಾರ. ಅವರಿಬ್ಬರಲ್ಲೇ ಹೊಂದಾಣಿಕೆ ಇಲ್ಲ ಎಂದ ಮೇಲೆ ನಾನೇನು ಮಾಡಲಿ ಎಂಬರ್ಥದಲ್ಲಿ ಜಾನ್ಸನ್ ಮುಂದೆ ಗೆಳೆಯ ಬಾಸ್ವೆಲ್ ಹತ್ತಿರ ಹೇಳಿಕೊಂಡಿದ್ದ.

ಜಗಳಕ್ಕೆ ಕಾರಣ ಆ ಪದದೊಳಗಿನ ಅಕ್ಷರಗಳ ಜೋಡಿ: ಇ (e), ಪಕ್ಕದಲ್ಲಿ ಎ (a). ಕನ್ನಡದಲ್ಲಿ ಎರಡು ಸ್ವರ ಎದುರಾದರೆ ನಡುವೆ ಯ ಅಥವಾ ವ ತಂದು ಕೂರಿಸುತ್ತೇವೆ, ಇಲ್ಲವೇ ಒಂದನ್ನು ಬಿಟ್ಟೇ ಬಿಡುತ್ತೇವೆ. ಮನೆಯಲ್ಲಿ, ಊರಲ್ಲಿ. ಇಂಗ್ಲಿಷ್ ಬರಹದಲ್ಲಿ ಎರಡೂ ಹಾಗೇ ಅಂಟಿಕೊಂಡಿರುತ್ತವೆ. ಸೀಟ್‌ನಲ್ಲಿ ಆ ಜೋಡಿಯ ಉಚ್ಚಾರ ಈ, ಸ್ಟೇಕ್‌ನಲ್ಲಿ ಏ, ಬ್ರೆಡ್‌ನಲ್ಲಿ ಎ.

ತಮಾಷೆ ಅಂದರೆ ಈ ಜೋಡಿ ಬಂದದ್ದೇ ಗೊಂದಲ ಕಳೆಯಲು. ಹಳೇ ಇಂಗ್ಲಿಷಿನವರ ಬಾಯಲ್ಲಿ ಎರಡು ಬಗೆಯ ಏ ಇದ್ದವು. ಒಂದು ನಮ್ಮ ಮೇಕೆಯ ಏ. ಇನ್ನೊಂದನ್ನು ಬಾಯಿ ಇನ್ನಷ್ಟು ಅಗಲಿಸಿ ಹೇಳಬೇಕಿತ್ತು. ಭೇಟಿ ಎಂಬ ಅರ್ಥದ 'ಮೀಟ್'ನಲ್ಲಿ ಮೊದಲನೆಯದು, ಮಾಂಸದ 'ಮೀಟ್'ನಲ್ಲಿ ಎರಡನೆಯದು. 1476ರಲ್ಲಿ ವಿಲಿಯಂ ಕ್ಯಾಕ್ಸ್ಟನ್ ವೆಸ್ಟ್‌ಮಿನ್ಸ್ಟರ್‌ನಲ್ಲಿ ಮುದ್ರಣಾಲಯ ತೆರೆದ. ಮುಂದಿನ ಶತಮಾನದಲ್ಲಿ ಒಂದು ರೂಢಿ ನೆಲೆಯಾಯಿತು. ಮೊದಲನೆಯದಕ್ಕೆ ಎರಡು ಇ (ee), ಎರಡನೆಯದಕ್ಕೆ ಇ ಜೊತೆಗೆ ಎ (ea). ಒಳ್ಳೇ ಏರ್ಪಾಡೇ, ಅಲ್ವಾ?

ಆದರೆ ಬಾಯಿ ಸುಮ್ನೆ ಇರಲಿಲ್ಲ. ಸುಮಾರು 1400ರಿಂದ 1700ರ ನಡುವೆ ಇಂಗ್ಲಿಷಿನ ದೀರ್ಘ ಸ್ವರಗಳು ಒಂದೊಂದಾಗಿ ಜಾಗ ಬದಲಿಸಿದವು. ಡೆನ್ಮಾರ್ಕಿನ ಭಾಷಾವಿಜ್ಞಾನಿ ಒಟ್ಟೊ ಯೆಸ್ಪರ್ಸನ್ ಇದನ್ನು ಗ್ರೇಟ್ ವವೆಲ್ ಶಿಫ್ಟ್ ಎಂದು ಕರೆದ. ಈಗಿನ 'ನೇಮ್' ಆಗ ಹೆಚ್ಚುಕಡಿಮೆ 'ನಾಮ' ಎಂದೇ ಕೇಳಿಸುತ್ತಿತ್ತು, ಥೇಟ್ ನಮ್ಮ ನಾಮದ ಹಾಗೆ! ಏ ಇದ್ದದ್ದು ಈ ಆಯಿತು. ಓ ಇದ್ದದ್ದು ಊ ಆಯಿತು. 'ಫೋಡ್' ಹೋಗಿ 'ಫೂಡ್' ಬಂತು. ಮಾಂಸದ ಮೀಟ್ ನಿಧಾನಕ್ಕೆ ಬಂದು ಭೇಟಿಯ ಮೀಟ್ ಜೊತೆ ಸೇರಿಕೊಂಡಿತು. ಗ್ರೇಟ್, ಬ್ರೇಕ್, ಸ್ಟೇಕ್ ನಡುದಾರಿಯಲ್ಲೇ ನಿಂತವು. ಬ್ರೆಡ್, ಹೆಡ್, ಡೆಡ್‌ಗಳದ್ದು ಬೇರೆ ಕತೆ, ಅವುಗಳ ದೀರ್ಘವೇ ಕುಗ್ಗಿ ಹ್ರಸ್ವವಾಯಿತು.

ಎರಡು ಓಗಳ (oo) ಜೋಡಿಯಲ್ಲಿ ಈ ಕುಗ್ಗುವಿಕೆಯ ಹೊತ್ತೂ ಲೆಕ್ಕಕ್ಕೆ ಬಂತು. 'ಬ್ಲಡ್' ಬೇಗ ಕುಗ್ಗಿತು. 17ನೇ ಶತಮಾನದಲ್ಲಿ ಹ್ರಸ್ವ ಉ ಎಷ್ಟೋ ಪದಗಳಲ್ಲಿ ಅ ಕಡೆಗೆ ಜಾರಿದಾಗ ಅದೂ ಜೊತೆಗೆ ಜಾರಿತು. 'ಗುಡ್' ತಡವಾಗಿ ಕುಗ್ಗಿದ್ದರಿಂದ ಉ ಆಗಿಯೇ ಉಳಿಯಿತು. 'ಫೂಡ್' ಕುಗ್ಗಲೇ ಇಲ್ಲ.

ಯಂಗ್ ಐರಿಷರನ್ನು ಎಳೆದು ತಂದದ್ದೂ ಸುಮ್ಮನೆ ಅಲ್ಲ. 1710ರ ದಶಕದಲ್ಲಿ ಇಂಗ್ಲೆಂಡಿನ ಕವಿ ಅಲೆಕ್ಸಾಂಡರ್ ಪೋಪ್ 'ಟೀ'ಯನ್ನು 'ಒಬೇ'ಗೆ ಪ್ರಾಸ ಮಾಡಿದ್ದ. ಅಂದರೆ ಅವನ ಕಿವಿಗೆ ಅದು 'ಟೇ'. ಇಂಗ್ಲೆಂಡ್ ಆಮೇಲೆ ಟೀಗೆ ಹೊರಳಿತು, ಐರ್ಲೆಂಡಿನ ಹಳ್ಳಿಮಾತಿನಲ್ಲಿ ಟೇ ಉಳಿಯಿತು. ಇಂಗ್ಲೆಂಡಿನ ಕವಿ ಕೀಟ್ಸ್, ಐರ್ಲೆಂಡಿನ ಕವಿ ಯೇಟ್ಸ್. ಇಬ್ಬರ ಹೆಸರಲ್ಲೂ ಮೊದಲ ಅಕ್ಷರ ಬಿಟ್ಟರೆ ಸ್ಪೆಲ್ಲಿಂಗ್ ಒಂದೇ.

ಅಮೆರಿಕದ ನಿಘಂಟುಕಾರ ನೋವಾ ವೆಬ್‌ಸ್ಟರ್ 1789ರಲ್ಲಿ ಇದನ್ನೆಲ್ಲ ಗುಡಿಸಿ ಹಾಕಲು ಹೊರಟ. ಬ್ರೆಡ್, ಹೆಡ್‌ಗಳಲ್ಲಿ ಎ (a) ಅಕ್ಷರ ಕಿತ್ತುಹಾಕಿ, 'ಸ್ಪೀಕ್', 'ಮೀನ್'ಗಳಿಗೆ ಎರಡು ಇ ಕೊಡಿ ಎಂದ. ಜನ ಕೇಳಲಿಲ್ಲ. 'ಕಲರ್'ನ ಯು (u) ಬಿಡಿಸಿದಂಥ ಕೆಲವು ಬದಲಾವಣೆಗಳಲ್ಲಷ್ಟೇ ಅವನು ಗೆದ್ದ.

ಶಾಲೆಗಳು ಬೇರೆ ದಾರಿ ಹಿಡಿದವು. ಎರಡು ಸ್ವರ ಜೊತೆಯಲ್ಲಿ ನಡೆದರೆ ಮಾತಾಡುವುದು ಮೊದಲನೆಯದು ಎಂದು ಮಕ್ಕಳಿಗೆ ಪ್ರಾಸ ಕಟ್ಟಿ ಕಲಿಸಿದರು. 1963ರಲ್ಲಿ ಅಮೆರಿಕದ ಶಿಕ್ಷಣತಜ್ಞ ಥಿಯೊಡೋರ್ ಕ್ಲೈಮರ್ ಪ್ರಾಥಮಿಕ ಶಾಲೆಯ ಓದುಪುಸ್ತಕಗಳ ಪದಗಳನ್ನು ಹಿಡಿದು ಈ ನಿಯಮವನ್ನು ಒರೆಗೆ ಹಚ್ಚಿದ. 309 ಪದ ನಿಯಮದಂತೆ ನಡೆದವು, 377 ನಡೆಯಲಿಲ್ಲ.